ಮೂರು ಯಾಕೆ, ಸೊನ್ನೆ ಯಾಕಲ್ಲ?

ಈ ಥರದ ಕೇಸ್ ನನ್ನ ಹತ್ರ ಪದೇ ಪದೇ ಬರುತ್ತೆ, ಅದಕ್ಕೇ ಬರೀತಿದ್ದೀನಿ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೀನಿ. ಒಬ್ಬ ತಾಯಿ, ಅವರ ಮಗಳು, ಜೊತೆಗೆ ಬಹಳ ವರ್ಷದ ಆತಂಕ. ಮನೆಗೆ ಬರೋ ಯಾವ ಕಾಗದದ ಕವರನ್ನೂ ಆ ತಾಯಿ ಒಡೀತಿರ್ಲಿಲ್ಲ, ಎಲ್ಲಾ ಒಂದು ಬಟ್ಟೆ ಚೀಲಕ್ಕೆ ತುರುಕಿ ಕಪಾಟಿನ ಮೇಲೆ ಇಟ್ಬಿಡೋರು.

ಮೊದಲ ಮೂರು ಭೇಟಿ ನಾನೇ ಹಾಳು ಮಾಡಿದೆ. "ಬನ್ನಿ, ಇಬ್ರೂ ಕೂತು ಒಡೆಯೋಣ, ತಡ ಮಾಡಿದಷ್ಟೂ ಕಷ್ಟ ಅಲ್ವಾ" ಅಂತ ನಾನು, "ಹೌದು ಮೇಡಂ, ಆದ್ರೆ..." ಅಂತ ಅವರು. ನಾನು ಒಡೀಬೇಕು ಅನ್ನೋದಕ್ಕೆ ಕಾರಣ ಕೊಟ್ಟಷ್ಟೂ ಅವರು ಆಗಲ್ಲ ಅನ್ನೋದಕ್ಕೆ ಕಾರಣ ಹುಡುಕ್ತಿದ್ರು, ಹೇಳ್ತಾ ಹೇಳ್ತಾ ಅದನ್ನ ಅವರೇ ಇನ್ನೂ ಗಟ್ಟಿಯಾಗಿ ನಂಬ್ತಿದ್ರು. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್, ಅಂದ್ರೆ ಬದಲಾಗೋಕೆ ಕಾರಣ ಎದುರಿಗಿರೋರ ಬಾಯಿಂದಲೇ ಬರೋ ಹಾಗೆ ಮಾತಾಡಿಸೋ ವಿಧಾನ, ಕಲಿಯುವಾಗ ಮೊದಲು ಹೇಳಿಕೊಡೋದೇ ಇದು. ವಿಲಿಯಂ ಮಿಲ್ಲರ್ ಕುಡಿತದ ಸಮಸ್ಯೆ ಇರೋರ ಜೊತೆ ಕೆಲಸ ಮಾಡಿ 1983ರಲ್ಲಿ ಈ ವಿಧಾನದ ಬಗ್ಗೆ ಬರೆದಿದ್ದು, ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದ್ದು. ಎದುರಿಗಿರೋರನ್ನ ಸರಿ ಮಾಡಿಬಿಡೋಣ ಅನ್ನೋ ನಮ್ಮ ಆತುರ ಇದೆಯಲ್ಲ, ಅದನ್ನ ತಡ್ಕೊಳ್ಳಿ ಅಂತಾರೆ. ಗೊತ್ತಿದ್ದೂ ತಡ್ಕೊಳ್ಳಕ್ಕೆ ನನ್ನಿಂದ ಆಗ್ಲಿಲ್ಲ.

ನಾಲ್ಕನೇ ಸಲ ಹೋದಾಗ ಚೀಲದ ಸುದ್ದಿ ಎತ್ತಲಿಲ್ಲ. "ಒಡೀದೆ ಇಡೋದ್ರಿಂದ ನಿಮಗೆ ಏನು ಒಳ್ಳೇದಾಗ್ತಿದೆ?" ಅಂತ ಕೇಳಿದೆ. ಅವರು ನನ್ನ ಮುಖಾನೇ ನೋಡಿದ್ರು, ಆ ಪ್ರಶ್ನೆ ಅವರನ್ನ ಯಾರೂ ಕೇಳಿರ್ಲಿಲ್ಲ. "ಅವತ್ತು ರಾತ್ರಿ ನಿದ್ದೆ ಬರುತ್ತೆ" ಅಂದ್ರು. ನಿಜಾನೇ ಅಲ್ವಾ. ತಪ್ಪಿಸ್ಕೊಂಡ ತಕ್ಷಣ ಎದೆ ಹಗುರ ಆಗುತ್ತೆ, ಆ ಹಗುರಕ್ಕೋಸ್ಕರಾನೇ ನಾಳೆಯೂ ತಪ್ಪಿಸ್ಕೋತೀವಿ, ಆತಂಕ ಬೇರು ಬಿಡೋದೇ ಹೀಗೆ. "ನಿದ್ದೆ ಆದ್ರೂ ಉಳೀಲಿ ಅಂತ ಚೀಲ" ಅಂದೆ, ಅಷ್ಟೇ. ಆಮೇಲೆ, "ಒಡೀಬಲ್ಲೆ ಅನ್ನೋ ಧೈರ್ಯ ಸೊನ್ನೆಯಿಂದ ಹತ್ತರಲ್ಲಿ ಎಷ್ಟಿದೆ?" ಅಂತ ಕೇಳಿದೆ. ಮೂರು ಅಂದ್ರು.

ಇಲ್ಲೇ ಹೊಸಬರು ತಪ್ಪು ಮಾಡೋದು. "ಏಳು ಯಾಕಲ್ಲ?" ಅಂತ ಕೇಳಿದ್ರೆ ಅವರು ತಮ್ಮ ಕೈಲಾಗದೇ ಇರೋದರ ಪಟ್ಟಿ ಕೊಡ್ತಾರೆ. ನಾನು "ಮೂರು ಯಾಕೆ, ಸೊನ್ನೆ ಯಾಕಲ್ಲ?" ಅಂದೆ. ತುಂಬಾ ಹೊತ್ತು ಸುಮ್ನಿದ್ರು, ಸೆರಗಿನ ತುದಿ ಬೆರಳಿಗೆ ಸುತ್ತೋದು ಬಿಚ್ಚೋದು ಮಾಡ್ತಿದ್ರು. ಆಮೇಲೆ ಮೆಲ್ಲಗೆ, "ಬಾಗಿಲು ಬಡಿದ್ರೆ ಈಗ ನನ್ನ ಮಗಳೂ ಉಸಿರು ಬಿಗಿ ಹಿಡೀತಾಳೆ ಮೇಡಂ, ನಾನು ಹೇಳಿಕೊಟ್ಟಿಲ್ಲ, ನನ್ನ ನೋಡೇ ಕಲ್ತಿದ್ದಾಳೆ, ಅದು ಬೇಡ" ಅಂದ್ರು. ಒಡೀಬೇಕು ಅನ್ನೋದಕ್ಕೆ ನಾನು ಕೊಟ್ಟ ಹತ್ತು ಕಾರಣದಲ್ಲಿ ಇದು ಇರ್ಲೇ ಇಲ್ಲ, ಇರೋಕೆ ಸಾಧ್ಯಾನೂ ಇರ್ಲಿಲ್ಲ. ಅದೇ ಮಾತನ್ನ ತಿರುಗಿ ಅವರಿಗೇ ಹೇಳಿದೆ: "ಈ ಭಯ ಅವಳಿಗೆ ದಾಟಬಾರ್ದು."

ಪ್ಲಾನ್ ಮಾಡಿದ್ದೂ ಅವರೇ. ಒಂದೇ ಕವರು, ಅವರೇ ಆರಿಸಿದ್ದು, ಅಂಚು ಹರಿಯೋದು, ಓದೋದು ನಾಳೆ. ನನ್ನ ಸಲಹೆ ಎರಡೇ, ಅದೂ "ಹೇಳ್ಲಾ?" ಅಂತ ಅನುಮತಿ ಕೇಳಿ: ಹರಿದ ಮೇಲೆ ಎದೆ ಬಡಿತ ಜೋರಾದ್ರೆ ಓಡಬೇಡಿ, ಕವರು ಕೈಲಿಟ್ಕೊಂಡೇ ಕೂತಿರಿ. ಮತ್ತೆ "ಏನೂ ಆಗಲ್ಲ ಅಲ್ವಾ?" ಅಂತ ನನಗೆ ಫೋನ್ ಮಾಡೋಕೆ ಮುಂಚೆ ಹತ್ತು ನಿಮಿಷ ಕಾಯಿರಿ. ನಾನು "ಏನೂ ಆಗಲ್ಲ" ಅಂದ್ರೆ ಅದು ಸಂಜೆವರೆಗೆ ಮಾತ್ರ ಬಾಳುತ್ತೆ.

ಕಾಗದದ ಗಡುವು ಮುಗೀತಿರುವಾಗ ಮಾತಾಡ್ತಾ ಕೂತಿದ್ದಕ್ಕೆ ಸಹೋದ್ಯೋಗಿಯೊಬ್ರು ಬೇಜಾರು ಮಾಡ್ಕೊಂಡ್ರು. ಅವರ ಮಾತಲ್ಲೂ ನ್ಯಾಯ ಇದೆ. ಜೀವಕ್ಕೆ, ಮಗುವಿಗೆ ಅಪಾಯ ಇದ್ದಿದ್ರೆ ನಾನೂ ಹೀಗೆ ಕಾಯ್ತಿರ್ಲಿಲ್ಲ, ಅಲ್ಲಿ ನೇರವಾಗಿ ಕೈ ಹಾಕ್ಬೇಕು. ಇಲ್ಲಿ ಅಂಥದ್ದಿಲ್ಲ ಅಂತ ವಿಚಾರಿಸಿ ನೋಡಿದ ಮೇಲೇನೇ ಕಾದಿದ್ದು. ನಾನೇ ಅಷ್ಟನ್ನೂ ಒಡೆದು ಕೊಟ್ಟಿದ್ರೆ ಆ ತಿಂಗಳ ಕೆಲಸ ಆಗ್ತಿತ್ತು, ಮುಂದಿನ ತಿಂಗಳು ಚೀಲ ಮತ್ತೆ ತುಂಬ್ತಿತ್ತು.

ಮುಂದಿನ ಭೇಟಿಗೆ ಹೋದಾಗ ಮೇಜಿನ ಮೇಲೆ ಹರಿದ ಕವರು ನಾಲ್ಕಿದ್ವು, ಪಕ್ಕದಲ್ಲಿ ಒಂದು ಕತ್ತರಿ. ಚೀಲ ಇನ್ನೂ ಅರ್ಧ ತುಂಬಿದೆ, ಆದ್ರೆ ಕಪಾಟಿನ ಮೇಲಿಂದ ಇಳಿದು ಕುರ್ಚಿ ಮೇಲೆ ಬಂದಿದೆ.