ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂಬತ್ತೇ ಜನ ಯಾಕೆ?

ಪ್ರಶ್ನೆ: ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳೇ ಇರಬೇಕು ಎಂದು ಅಲ್ಲಿನ ಸಂವಿಧಾನ ಹೇಳುತ್ತದೆಯೇ? ಹಾಗಿದ್ದರೆ ಸಂಖ್ಯೆ ಹೆಚ್ಚಿಸುವ ಮಾತು ಆಗಾಗ ಯಾಕೆ ಏಳುತ್ತದೆ? ಫೆಡರಲ್ (ಕೇಂದ್ರದ) ಜಡ್ಜ್‌ಗಳಿಗೆ ನಿವೃತ್ತಿ ವಯಸ್ಸೇ ಇಲ್ಲವಂತೆ, ನಿಜವೇ? ಬೇಡವಾದ ಜಡ್ಜ್‌ಗಳನ್ನು ಸರ್ಕಾರ ತೆಗೆದುಹಾಕಬಹುದೇ?

ಉತ್ತರ: ಇಲ್ಲ, ಒಂಬತ್ತು ಎಂಬ ಸಂಖ್ಯೆ ಸಂವಿಧಾನದಲ್ಲಿ ಎಲ್ಲೂ ಇಲ್ಲ. ನ್ಯಾಯಾಂಗದ ಬಗ್ಗೆ ಹೇಳುವುದು ಅದರ 3ನೇ ವಿಧಿ. ಅದು ಎಷ್ಟು ಚಿಕ್ಕದೆಂದರೆ ಓದಿದವರಿಗೆ ಆಶ್ಚರ್ಯವಾಗುತ್ತದೆ. ಒಂದು ಸುಪ್ರೀಂ ಕೋರ್ಟ್ ಇರಬೇಕು. ಅದರ ಕೆಳಗಿನ ಕೋರ್ಟುಗಳನ್ನು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಬೇಕಾದ ಹಾಗೆ ಸ್ಥಾಪಿಸಬಹುದು. ಎಷ್ಟು ಜನ, ಎಷ್ಟು ವಯಸ್ಸು ಎಂಬುದೆಲ್ಲ ಇಲ್ಲವೇ ಇಲ್ಲ. ಜಡ್ಜ್ ಆಗುವವರು ಕಾನೂನು ಓದಿರಬೇಕು ಎಂಬ ಷರತ್ತು ಕೂಡ ಇಲ್ಲ! ಮುಖ್ಯ ನ್ಯಾಯಮೂರ್ತಿಯ ಹೆಸರು ಇಡೀ ಸಂವಿಧಾನದಲ್ಲಿ ಬರುವುದು ಒಂದೇ ಸಲ. ಅದೂ 1ನೇ ವಿಧಿಯಲ್ಲಿ, ಅಧ್ಯಕ್ಷರ ವಾಗ್ದಂಡನೆಯ (ಆರೋಪ ಹೊರಿಸಿ ಹುದ್ದೆಯಿಂದ ತೆಗೆಯುವ ಕ್ರಮದ) ವಿಚಾರಣೆ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ನಡೆದರೆ ಪೀಠದಲ್ಲಿ ಕೂರುವವರು ಯಾರು ಎಂದು ಹೇಳುವಾಗ.

ಇದು ಮರೆತು ಬಿಟ್ಟದ್ದಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕೂತವರಲ್ಲಿ ಒಮ್ಮತ ಇರಲಿಲ್ಲ. ರಾಜ್ಯಗಳ ಕೋರ್ಟುಗಳೇ ಸಾಕು, ಕೆಳಹಂತದ ಫೆಡರಲ್ ಕೋರ್ಟು ಬೇಡ ಎಂದು ಜಾನ್ ರಟ್ಲೆಡ್ಜ್ ಅಂಥವರು ವಾದಿಸಿದರು. ಜೇಮ್ಸ್ ಮ್ಯಾಡಿಸನ್ ಒಪ್ಪಲಿಲ್ಲ. ಕೊನೆಗೆ, ಬೇಕೋ ಬೇಡವೋ ಕಾಂಗ್ರೆಸ್ಸೇ ಮುಂದೆ ನೋಡಿಕೊಳ್ಳಲಿ ಎಂದು ರಾಜಿಯಾದರು. ಜಗಳವನ್ನು ಮುಂದಿನವರ ತಲೆಗೆ ಕಟ್ಟಿದರು ಎಂದರೂ ಸರಿಯೇ.

ಕಾಂಗ್ರೆಸ್ ತಡ ಮಾಡಲಿಲ್ಲ. 1789ರ ಕಾಯ್ದೆಯಲ್ಲಿ ಸುಪ್ರೀಂ ಕೋರ್ಟಿಗೆ ಆರು ಜನರನ್ನು ಇಟ್ಟಿತು. ಜೊತೆಗೆ 13 ಜಿಲ್ಲಾ ಕೋರ್ಟುಗಳು. ಆಗ ಸಂವಿಧಾನವನ್ನು ಒಪ್ಪಿದ್ದ ರಾಜ್ಯಗಳು ಹನ್ನೊಂದೇ. ಮ್ಯಾಸಚೂಸೆಟ್ಸ್ ಮತ್ತು ವರ್ಜೀನಿಯಾಕ್ಕೆ ಎರಡೆರಡು ಕೊಟ್ಟಿದ್ದರಿಂದ ಲೆಕ್ಕ 13ಕ್ಕೆ ಬಂತು. ಇವತ್ತು 94 ಜಿಲ್ಲಾ ಕೋರ್ಟುಗಳಿವೆ, ಅವುಗಳ ಮೇಲೆ 13 ಮೇಲ್ಮನವಿ ಕೋರ್ಟುಗಳು. ಎಲ್ಲವೂ ಕಾಯ್ದೆಯಿಂದ ಬಂದವೇ.

ಸುಪ್ರೀಂ ಕೋರ್ಟಿನ ಸಂಖ್ಯೆಯೂ ಸುಮ್ನೆ ಕೂರಲಿಲ್ಲ. 1807ರಲ್ಲಿ ಏಳು, 1837ರಲ್ಲಿ ಒಂಬತ್ತು, 1863ರಲ್ಲಿ ಹತ್ತು. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಜೊತೆ ಕಾಂಗ್ರೆಸ್ಸಿಗೆ ಕಿತ್ತಾಟ ನಡೆಯುತ್ತಿದ್ದ 1866ರಲ್ಲಿ, ಖಾಲಿಯಾದ ಜಾಗ ತುಂಬದೆ ಏಳಕ್ಕೆ ಇಳಿಸಬೇಕೆಂದು ಕಾಯ್ದೆ ಬಂತು. ಜಾನ್ಸನ್ ಹೋದ ಮೇಲೆ, 1869ರಲ್ಲಿ, ಮತ್ತೆ ಒಂಬತ್ತು. ಅಲ್ಲಿಗೆ ನಿಂತಿತು. 1937ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಅದನ್ನು ಅಲುಗಾಡಿಸಲು ನೋಡಿದರು. 70 ದಾಟಿಯೂ ನಿವೃತ್ತರಾಗದ ಪ್ರತಿ ನ್ಯಾಯಮೂರ್ತಿಗೆ ಪ್ರತಿಯಾಗಿ ಒಬ್ಬ ಹೊಸಬರು, ಒಟ್ಟು ಆರರವರೆಗೆ, ಎಂಬುದು ಅವರ ಯೋಜನೆ. ಸೆನೆಟ್‌ನಲ್ಲಿ ಅವರದೇ ಪಕ್ಷಕ್ಕೆ ಭಾರಿ ಬಹುಮತ ಇತ್ತು. ಆದರೂ ಮಸೂದೆ ಬಿದ್ದುಹೋಯಿತು. ನನ್ನ ಮಟ್ಟಿಗೆ, ಒಂಬತ್ತನ್ನು ಕಾಯುತ್ತಿರುವುದು ಸಂವಿಧಾನಕ್ಕಿಂತ ಜಾಸ್ತಿ ಆ ಸೋಲಿನ ನೆನಪು. ಕಾನೂನಿನ ಮಟ್ಟಿಗೆ ನೋಡಿದರೆ, ಕಾಂಗ್ರೆಸ್ ಮಸೂದೆ ಪಾಸು ಮಾಡಿ ಅಧ್ಯಕ್ಷರು ಸಹಿ ಹಾಕಿದರೆ ನಾಳೆಯೇ ಸಂಖ್ಯೆ ಬದಲಾಗಬಹುದು.

ಇನ್ನು ನಿವೃತ್ತಿ. ಕೋರ್ಟಿನ ಆಕಾರದ ಬಗ್ಗೆ ಇಷ್ಟು ಸಡಿಲವಾಗಿರುವ ಸಂವಿಧಾನ, ಜಡ್ಜ್‌ಗಳ ಭದ್ರತೆಯ ವಿಷಯದಲ್ಲಿ ಮಾತ್ರ ಬಿಗಿ. ನಡತೆ ಸರಿಯಿರುವ ತನಕ ಹುದ್ದೆಯಲ್ಲಿರಬಹುದು, ಅಂದರೆ ಬಯಸಿದರೆ ಜೀವನಪೂರ್ತಿ. ಹುದ್ದೆಯಲ್ಲಿರುವಾಗ ಸಂಬಳ ಕಡಿತ ಮಾಡುವಂತಿಲ್ಲ. ಏರಿಸಬಹುದು, ಇಳಿಸುವಂತಿಲ್ಲ. ನೇಮಕ ಅಧ್ಯಕ್ಷರದು, ಒಪ್ಪಿಗೆ ಸೆನೆಟ್‌ನದು. ತೆಗೆಯಬೇಕಾದರೆ ವಾಗ್ದಂಡನೆ ಬೇಕು: ಕೆಳಮನೆ ಆರೋಪ ಹೊರಿಸಬೇಕು, ಸೆನೆಟ್‌ನಲ್ಲಿ ಹಾಜರಿದ್ದವರ ಮೂರನೇ ಎರಡು ಭಾಗ ಮತ ಸಿಗಬೇಕು. ಸುಪ್ರೀಂ ಕೋರ್ಟಿನವರಲ್ಲಿ ಇದಕ್ಕೆ ಸಿಕ್ಕಿದ್ದು ಸ್ಯಾಮ್ಯುಯೆಲ್ ಚೇಸ್ ಒಬ್ಬರೇ. 1804ರಲ್ಲಿ ಆರೋಪ, 1805ರಲ್ಲಿ ಖುಲಾಸೆ.

ಆದರೆ ಈ ಭದ್ರತೆ ಎಲ್ಲ ಫೆಡರಲ್ ಜಡ್ಜ್‌ಗಳಿಗೂ ಇಲ್ಲ. ದಿವಾಳಿ ಪ್ರಕರಣ ನೋಡುವವರ ಅವಧಿ 14 ವರ್ಷ, ತೆರಿಗೆ ಕೋರ್ಟಿನವರದು 15 ವರ್ಷ. ಅವರು 3ನೇ ವಿಧಿಯ ಕೆಳಗೆ ಬರುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಯಲ್ಲಿ ಒಂದು ತೊಡಕಿದೆ. ಜಡ್ಜ್ ಅನ್ನು ಮುಟ್ಟುವಂತಿಲ್ಲ, ಸರಿ. ಕೋರ್ಟನ್ನೇ ರದ್ದು ಮಾಡಿದರೆ? ಹಾಗೂ ಆಗಿದೆ. ಅಧಿಕಾರ ಬಿಡುವ ಮುನ್ನ, 1801ರಲ್ಲಿ, ಅಧ್ಯಕ್ಷ ಜಾನ್ ಆಡಮ್ಸ್ ಅವರ ಪಕ್ಷ 16 ಹೊಸ ಸರ್ಕಿಟ್ (ಜಿಲ್ಲಾ ಕೋರ್ಟಿಗಿಂತ ಮೇಲಿನ ಹಂತದ) ಜಡ್ಜ್‌ಗಳ ಹುದ್ದೆ ಸೃಷ್ಟಿಸಿ ತನ್ನವರನ್ನು ಕೂರಿಸಿತು. ಥಾಮಸ್ ಜೆಫರ್ಸನ್ ಅಧ್ಯಕ್ಷರಾಗಿ ಬಂದ ಮೇಲೆ, 1802ರಲ್ಲಿ, ಕಾಂಗ್ರೆಸ್ ಆ ಕಾಯ್ದೆಯನ್ನೇ ಕಿತ್ತುಹಾಕಿತು. ಕೋರ್ಟು ಹೋಯಿತು, ಅದರ ಜೊತೆ ಜಡ್ಜ್‌ಗಳ ಕುರ್ಚಿಯೂ ಹೋಯಿತು. 1803ರಲ್ಲಿ ಸುಪ್ರೀಂ ಕೋರ್ಟ್ 1802ರ ವ್ಯವಸ್ಥೆಗೆ ಅಡ್ಡಿ ಮಾಡಲಿಲ್ಲ. ಆದರೆ ಜಡ್ಜ್‌ಗಳನ್ನು ಹೀಗೆ ಮನೆಗೆ ಕಳಿಸಿದ್ದು ಸರಿಯೇ ಎಂಬುದರ ತಂಟೆಗೇ ಹೋಗಲಿಲ್ಲ. ಜಾಣತನ, ಅಲ್ವಾ? ಮುಂದೆ 1913ರಲ್ಲಿ, ರೈಲ್ವೆ ದರದಂಥ ಪ್ರಕರಣ ನೋಡುತ್ತಿದ್ದ ವಾಣಿಜ್ಯ ಕೋರ್ಟನ್ನು ರದ್ದು ಮಾಡಿದಾಗ ಕಾಂಗ್ರೆಸ್ ಆ ದಾರಿ ಹಿಡಿಯಲಿಲ್ಲ. ಉಳಿದಿದ್ದ ಜಡ್ಜ್‌ಗಳನ್ನು ಹುದ್ದೆಯಲ್ಲೇ ಇಟ್ಟುಕೊಂಡು ಬೇರೆ ಕೋರ್ಟುಗಳ ಕೆಲಸಕ್ಕೆ ಹಾಕಿತು.