ಕ್ರಯಪತ್ರದಲ್ಲಿ ಸರ್ವೆ ನಂಬರ್ ತಪ್ಪಾಗಿದೆ: ಇದು ಕಾನೂನು ಹೇಳುವ ಸಂಗತಿಯ ತಪ್ಪೇ?

ಸರ್ವೆ ನಂಬರ್ 47 ಎಂದಿರಬೇಕಾದ ಕಡೆ ನಿಮ್ಮ ತಂದೆಯವರ ಕ್ರಯಪತ್ರದಲ್ಲಿ 74 ಎಂದು ಬಿದ್ದಿದೆ, ಚೆಕ್ಕುಬಂದಿ (ಜಮೀನಿನ ನಾಲ್ಕೂ ದಿಕ್ಕಿನ ಗಡಿ ವಿವರ) ಸರಿಯಾಗಿಯೇ ಇದೆ. ಇದು ‘ಸಂಗತಿಯ ತಪ್ಪು’ ಆಗುತ್ತದೆಯೇ, ಕ್ರಯವೇ ಶೂನ್ಯವಾಗುತ್ತದೆಯೇ ಎಂದು ಕೇಳಿದ್ದೀರಿ. ನೀವು ಬರೆದಿರುವಷ್ಟನ್ನು ನೋಡಿದರೆ ಎರಡೂ ಅಲ್ಲವೆಂದೇ ನನ್ನ ಅಭಿಪ್ರಾಯ.

1872ರ ಭಾರತೀಯ ಕರಾರು ಕಾಯಿದೆ ‘ತಪ್ಪು’ ಎಂಬ ಪದವನ್ನು ವ್ಯಾಖ್ಯಾನಿಸುವುದಿಲ್ಲ, ಯಾವ ತಪ್ಪಿಗೆ ಯಾವ ಪರಿಣಾಮ ಎಂಬುದನ್ನಷ್ಟೇ ಹೇಳುತ್ತದೆ. ಒಪ್ಪಂದಕ್ಕೆ ಅತ್ಯಗತ್ಯವಾದ ಸಂಗತಿಯೊಂದರ ಬಗ್ಗೆ ಇಬ್ಬರೂ ತಪ್ಪು ತಿಳಿದಿದ್ದರೆ ಒಪ್ಪಂದ ಶೂನ್ಯ ಎನ್ನುವುದು 20ನೇ ಕಲಂ. ಅಲ್ಲಿ ಕೊಟ್ಟಿರುವ ಒಂದು ದೃಷ್ಟಾಂತದಲ್ಲಿ ಕುದುರೆಯ ವ್ಯಾಪಾರ ಕುದುರುವ ಹೊತ್ತಿಗೆ ಕುದುರೆ ಸತ್ತಿರುತ್ತದೆ, ಆದರೆ ಅದು ಇಬ್ಬರಿಗೂ ಗೊತ್ತಿರುವುದಿಲ್ಲ. ವಸ್ತುವಿನ ಬೆಲೆಯ ಬಗ್ಗೆ ಮಾಡಿಕೊಂಡ ತಪ್ಪು ಅಂದಾಜು ಮಾತ್ರ ಸಂಗತಿಯ ತಪ್ಪಲ್ಲ ಎಂದು ಅದೇ ಕಲಂ ವಿವರಿಸುತ್ತದೆ. ಒಬ್ಬನೇ ತಪ್ಪು ತಿಳಿದಿದ್ದರೆ, ಅಷ್ಟರಿಂದಲೇ ಕರಾರನ್ನು ರದ್ದುಪಡಿಸಲಾಗದು ಎನ್ನುವುದು 22ನೇ ಕಲಂ.

ನಿಮ್ಮ ತಂದೆಗಾಗಲಿ ಮಾರಿದವರಿಗಾಗಲಿ ಯಾವ ಜಮೀನು ಎಂಬುದರಲ್ಲಿ ಗೊಂದಲವಿರಲಿಲ್ಲ. ತಪ್ಪಿದ್ದು ತಿಳಿವಳಿಕೆಯಲ್ಲಲ್ಲ, ಬರಹದಲ್ಲಿ. ಇಂಥದ್ದಕ್ಕೆ ಪತ್ರ ಬರಹಗಾರರು ‘ಕ್ಲೆರಿಕಲ್ ಮಿಸ್ಟೇಕ್’ ಎನ್ನುತ್ತಾರೆ (ಅವರ ಬಾಯಲ್ಲಿ ಎಲ್ಲ ತಪ್ಪಿಗೂ ಅದೇ ಹೆಸರು). ಆದರೆ ಕೆಲವರು ಸಲಹೆ ಕೊಡುವಂತೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಮಿಗೆ ಹೋಗಬೇಡಿ, ಏಕೆಂದರೆ ಅದು ತೀರ್ಪು, ಡಿಕ್ರಿ ಮತ್ತು ಆದೇಶಗಳಲ್ಲಿ ನುಸುಳಿದ ಬರಹದ ಅಥವಾ ಲೆಕ್ಕದ ತಪ್ಪನ್ನು ನ್ಯಾಯಾಲಯವೇ ತಿದ್ದಿಕೊಳ್ಳಲು ಇರುವ ಅವಕಾಶ.

ನಿಮಗೆ ಹೊಂದುವುದು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 26ನೇ ಕಲಂ. ವಂಚನೆಯಿಂದಲೋ ಇಬ್ಬರ ಸಮಾನ ತಪ್ಪಿನಿಂದಲೋ ಪತ್ರವು ಅವರ ನಿಜವಾದ ಉದ್ದೇಶವನ್ನು ಹೇಳದಿದ್ದರೆ ಅದನ್ನು ತಿದ್ದಿಸಬಹುದು ಎನ್ನುತ್ತದೆ ಅದು. ಆ ಉದ್ದೇಶವನ್ನು ಸಾಬೀತುಪಡಿಸಬೇಕಾಗುತ್ತದೆ, ಮತ್ತು ಅದಕ್ಕೆ ಅಡ್ಡಿಯಿಲ್ಲ: ಸಾಕ್ಷ್ಯ ಕಾನೂನಿನ ವ್ಯಾಖ್ಯೆಯಲ್ಲಿ ‘ಸಂಗತಿ’ ಎಂದರೆ ಇಂದ್ರಿಯಗಳಿಗೆ ಗೋಚರವಾಗುವುದು ಮಾತ್ರವಲ್ಲ, ಮನುಷ್ಯನ ಅರಿವಿನಲ್ಲಿರುವ ಮನಸ್ಸಿನ ಸ್ಥಿತಿಯೂ ಸಂಗತಿಯೇ. ನಿಮ್ಮಲ್ಲಿ ಚೆಕ್ಕುಬಂದಿ ಮತ್ತು ಸ್ವಾಧೀನ ಎರಡೂ 47ರ ಕಡೆಗೇ ಬೊಟ್ಟು ಮಾಡಿದರೆ ಅದು ಗಟ್ಟಿಯಾದ ಸಾಕ್ಷ್ಯ.

ಮಾರಿದವರು ಅಥವಾ ಅವರ ವಾರಸುದಾರರು ಒಪ್ಪಿದರೆ ದಾವೆಯೇ ಬೇಕಿಲ್ಲ, ಉಪನೋಂದಣಿ ಕಚೇರಿಯಲ್ಲಿ ತಿದ್ದುಪಡಿ ಪತ್ರ ನೋಂದಾಯಿಸಿದರಾಯಿತು. ಅದಕ್ಕೂ ಮೊದಲು 47ರ ಋಣಭಾರ ಪ್ರಮಾಣಪತ್ರ (ಆ ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ‘ಇಸಿ’) ತೆಗೆಸಿ ನೋಡಿ. ಈ ನಡುವೆ ಯಾರಾದರೂ ಸದ್ಭಾವನೆಯಿಂದ, ಹಣ ಕೊಟ್ಟು ಆ ಜಮೀನನ್ನು ಪಡೆದಿದ್ದರೆ, ಅವರ ಹಕ್ಕಿಗೆ ಧಕ್ಕೆ ತರುವಂತೆ ನ್ಯಾಯಾಲಯವು 26ನೇ ಕಲಮಿನಡಿ ಪತ್ರವನ್ನು ತಿದ್ದಿಸುವುದಿಲ್ಲ.