ಬೇರೆಯಾಗಬೇಕಾದ ಅಲಾಯ್, ತೆಳು ಫಿಲ್ಮ್‌ನಲ್ಲಿ ಒಂದಾಗಿಯೇ ಯಾಕೆ ಉಳಿಯುತ್ತದೆ?

ಫೇಸ್ ಡಯಾಗ್ರಾಮ್ (ಯಾವ ಉಷ್ಣತೆಯಲ್ಲಿ ಏನು ಬೆರೆತಿರುತ್ತದೆ, ಏನು ಬೇರೆಯಾಗುತ್ತದೆ ಅಂತ ತೋರಿಸುವ ನಕ್ಷೆ) ಪ್ರಕಾರ ಎರಡಾಗಿ ಒಡೆಯಬೇಕಾದ ಅಲಾಯ್, ಅಂದರೆ ಮಿಶ್ರಲೋಹದಂಥ ಬೆರಕೆ, ನಿಮ್ಮ ತೆಳು ಫಿಲ್ಮ್‌ನಲ್ಲಿ ಒಡೆಯುತ್ತಿಲ್ಲ, ಇದು ಸ್ಟ್ರೈನ್ (ಹರಳಿನ ಸಾಲುಗಳ ಹಿಗ್ಗು-ಕುಗ್ಗು) ಕೆಲಸವಾ ಅಂತ ಕೇಳಿದ್ದೀರಿ. ಬಹುಮಟ್ಟಿಗೆ ಹೌದು. ಪಿಎಚ್‌ಡಿ ಮಾಡುವಾಗ ನಾನೂ ಇದೇ ತಲೆನೋವು ತಿಂದಿದ್ದೇನೆ. ಲೆಕ್ಕ ಬಾಯಿಪಾಠ ಇತ್ತು, ಆದರೆ ವಿಷಯ ಹೊಟ್ಟೆಗಿಳಿದದ್ದು ಕುಮಟಾದಲ್ಲಿ ಮನೆಯ ಗೋಡೆ ಏರಿಸುವಾಗ.

ಚಿರೆಕಲ್ಲು ಎರಡು ಕಡೆಯಿಂದ ಬಂದಿತ್ತು. ಒಂದು ಲೋಡಿನದು 8 ಇಂಚು ಎತ್ತರ, ಇನ್ನೊಂದರದು ಎಂಟೂವರೆ. ನಾನು ದೊಡ್ಡ ಜಾಣನ ಹಾಗೆ, ದೊಡ್ಡ ಕಲ್ಲೆಲ್ಲ ಈ ಬದಿಗೆ, ಸಣ್ಣದೆಲ್ಲ ಆ ಬದಿಗೆ ಹಾಕಿ ಅಂದೆ. ಮೇಸ್ತ್ರಿ ನಕ್ಕುಬಿಟ್ಟರು. "ನಾಲ್ಕು ವರಸೆ ಏರಿದರೆ ಎರಡು ಇಂಚು ಹೆಚ್ಚುಕಡಿಮೆ ಬರ್ತದೆ. ನಡುವೆ ನೂಲು ಎಲ್ಲಿ ಹಿಡಿಯೋದು?" ಕೊನೆಗೆ ಎರಡೂ ಕಲ್ಲು ಬೆರೆಸಿ, ಗಾರೆ ದಪ್ಪ ತೆಳು ಮಾಡಿ ಮಟ್ಟ ತಂದರು.

ಹರಳಿನಲ್ಲಿ ಗಾರೆ ಇಲ್ಲ, ಅದೇ ಕಷ್ಟ. ಒಂದೇ ಜಾತಿಯ ಪರಮಾಣುಗಳು ಒಂದು ಕಡೆ ಗುಂಪು ಸೇರಿದರೆ ಅಲ್ಲಿ ಸಾಲುಗಳ ಅಂತರ ಬದಲಾಗುತ್ತದೆ. ಪಕ್ಕದ ಗುಂಪಿನ ಜೊತೆ ಸಾಲು ತುಂಡಾಗದೆ ಮುಂದುವರಿಯಬೇಕು ಅಂದರೆ ಒಬ್ಬರು ಹಿಗ್ಗಬೇಕು, ಇನ್ನೊಬ್ಬರು ಕುಗ್ಗಬೇಕು. ಅದಕ್ಕೆ ಶಕ್ತಿ ಬೇಕು. ಪುಸ್ತಕದ ಡಯಾಗ್ರಾಮ್ ಈ ಖರ್ಚನ್ನು ಎಣಿಸುವುದಿಲ್ಲ. 1961ರಲ್ಲಿ ವಿಜ್ಞಾನಿ ಜಾನ್ ಕಾನ್ ಇದನ್ನು ಲೆಕ್ಕಕ್ಕೆ ಸೇರಿಸಿದರು. ಗಾತ್ರದ ವ್ಯತ್ಯಾಸ ಎರಡರಷ್ಟಾದರೆ ಖರ್ಚು ನಾಲ್ಕರಷ್ಟು. ಅಲ್ಯೂಮಿನಿಯಂ-ಸತುವಿನಲ್ಲಿ ಗಾತ್ರಗಳು ಹತ್ತಿರ ಹತ್ತಿರ, ಹಾಗಾಗಿ ತಾನಾಗಿ ಒಡೆಯಲು ಶುರುವಾಗುವ ಉಷ್ಣತೆ ಸ್ವಲ್ಪವೇ ಕೆಳಗಿಳಿಯುತ್ತದೆ. ಚಿನ್ನ-ನಿಕಲ್‌ನಲ್ಲಿ ಹರಳಿನ ಅಳತೆ 4.08 ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಎದುರು 3.52. ಅಲ್ಲಿ ನೂರಾರು ಡಿಗ್ರಿ ಇಳಿಯುತ್ತದೆ.

ಫಿಲ್ಮ್‌ಗೆ ಇದರ ಜೊತೆಗೆ ಕೆಳಗಿನ ಸಬ್‌ಸ್ಟ್ರೇಟಿನ, ಅಂದರೆ ಅದನ್ನು ಬೆಳೆಸಿದ ಆಧಾರದ ಹರಳಿನ ಹಿಡಿತ ಬೇರೆ. ಎಲ್‌ಇಡಿಯಲ್ಲಿ ಬಳಸುವ ಇಂಡಿಯಂ ಗ್ಯಾಲಿಯಂ ನೈಟ್ರೈಡ್ ನೋಡಿ. ಇಂಡಿಯಂ ನೈಟ್ರೈಡ್ 3.54, ಗ್ಯಾಲಿಯಂ ನೈಟ್ರೈಡ್ 3.19 ಆಂಗ್‌ಸ್ಟ್ರಾಮ್, ಅಂದರೆ ಸುಮಾರು ಶೇ. 11 ಅಂತರ. ಸುಮ್ನೆ ಬಿಟ್ಟರೆ ಜಗಳವಾಡಿ ಬೇರೆಯಾಗುವ ಜೋಡಿ. ಗ್ಯಾಲಿಯಂ ನೈಟ್ರೈಡ್ ಮೇಲೆ ತೆಳುವಾಗಿ, ಸಾಲಿಗೆ ಸಾಲು ಕೂಡಿ ಬೆಳೆಸಿದರೆ ಜಾಸ್ತಿ ಇಂಡಿಯಂ ಬೆರೆತೇ ಉಳಿಯುತ್ತದೆ.

ಹಾಗಂತ ಸ್ಟ್ರೈನ್ ಯಾವಾಗಲೂ ಒಡಕು ತಡೆಯುತ್ತದೆ ಅಂತ ಬರೆದಿಟ್ಟುಕೊಳ್ಳಬೇಡಿ. ಫಿಲ್ಮ್‌ನ ಮೇಲ್ಮೈಗೆ ಹಿಡಿದವರು ಯಾರೂ ಇಲ್ಲ. ಅಲ್ಲಿ ಹಿಗ್ಗಲು ಜಾಗವಿದೆ, ಖರ್ಚು ಕಡಿಮೆ. ಬೆಳೆಸುವಾಗ ಪರಮಾಣುಗಳು ಸಲೀಸಾಗಿ ಓಡಾಡುವುದೂ ಅಲ್ಲೇ. ಅಡ್ಡಕ್ಕೆ ಅದುಮಿಟ್ಟ ಫಿಲ್ಮ್‌ನ ಮೈ ಸ್ವಲ್ಪ ಅಲೆಅಲೆಯಾದರೂ ಸಾಕು, ದೊಡ್ಡ ಪರಮಾಣುಗಳು ದಿಬ್ಬದ ತುದಿ ಹುಡುಕುತ್ತವೆ. ಅಲ್ಲಿ ಸಾಲುಗಳು ತುಸು ಬಿಚ್ಚಿರುತ್ತವಲ್ವಾ? ಇನ್ನು ದಪ್ಪ ಜಾಸ್ತಿಯಾಗಿ ಡಿಸ್‌ಲೊಕೇಶನ್ (ಹರಳಿನ ಸಾಲು ನಡುವೆಯೇ ತುಂಡಾಗುವ ದೋಷ) ಹೊಕ್ಕರೆ ಸಾಲುಗಳೇ ತಪ್ಪುತ್ತವೆ, ಹಿಡಿತ ಸಡಿಲವಾಗುತ್ತದೆ. ಆಗ ಪುಸ್ತಕದ ಡಯಾಗ್ರಾಮ್ ಮತ್ತೆ ತಲೆ ಎತ್ತುತ್ತದೆ.

ನಾನು ಎಡವಿದ್ದು ಮೇಲ್ಮೈ ವಿಷಯದಲ್ಲೇ. ಅನೀಲ್ ಮಾಡಿದ, ಅಂದರೆ ಬೆಳೆಸಿದ ಮೇಲೆ ಕಾಯಿಸಿದ ಫಿಲ್ಮ್‌ನಲ್ಲಿ ಬೇರೆಯಾದ ಹಾಗೆ ಪಟ್ಟೆ ಕಂಡು, ಕಾಯಿಸಿದ್ದರಿಂದ ಒಡೆಯಿತು ಅಂತ ಆರು ತಿಂಗಳು ಕುಣಿದೆ. ಕಾಯಿಸದ ತುಂಡಿನಲ್ಲೂ ಅದೇ ಪಟ್ಟೆ ಇತ್ತು, ಬೆಳೆಯುವಾಗಲೇ ಬಂದದ್ದು. ನೋಡಿರಲಿಲ್ಲ, ಅಷ್ಟೇ.

ನಿಮ್ಮ ಫಿಲ್ಮ್‌ನ ದಪ್ಪ ಎಷ್ಟು, ಸಬ್‌ಸ್ಟ್ರೇಟ್ ಯಾವುದು ಅಂತ ಬರೆದಿಲ್ಲ. ಮೊದಲು ಎಕ್ಸ್-ರೇಯಲ್ಲಿ ರೆಸಿಪ್ರೊಕಲ್ ಸ್ಪೇಸ್ ಮ್ಯಾಪ್ (ಫಿಲ್ಮ್ ಮತ್ತು ಸಬ್‌ಸ್ಟ್ರೇಟಿನ ಸಾಲುಗಳ ಅಂತರ ಒಟ್ಟಿಗೆ ತೋರಿಸುವ ನಕ್ಷೆ) ತೆಗೆಸಿ, ಫಿಲ್ಮ್‌ನ ಸಾಲುಗಳ ಅಡ್ಡ ಅಂತರ ಸಬ್‌ಸ್ಟ್ರೇಟಿಗೆ ಹೊಂದಿಕೊಂಡಿದೆಯಾ ನೋಡಿ. ಕಾಯಿಸದ ಒಂದು ತುಂಡನ್ನೂ ಪಕ್ಕದಲ್ಲಿಟ್ಟುಕೊಳ್ಳಿ.